ನೀರಿನಡಿಯ ಪಾಟಿ

ಚೌಕಾಬಾರ ಆಡಲು ನಮ್ಮ ಕಡೆ ಕೆಲವರು ಹುಣಸೆ ಬೀಜ ಸೀಳಿ ಇಟ್ಟುಕೊಳ್ಳುತ್ತಾರೆ, ಕೆಲವರು ಕವಡೆ ಹಾಕುತ್ತಾರೆ. ಎಲ್ಲಮ್ಮನ ಜೋಗತಿಯರ ಕೊರಳಲ್ಲೂ ಕವಡೆ ಸರವಿರುತ್ತದೆ. ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಅಂಥ ಊರಿನ ಮನೆಗಳಿಗೂ ಹವಳದ ದಿಬ್ಬಗಳಿಂದ ಬಂದು ಸೇರಿದ ವಸ್ತು ಈ ಕವಡೆ. ಹಳದಿ ಮಿಶ್ರಿತ ಬಿಳಿಯ ಈ ಚಿಕ್ಕ ಚಿಪ್ಪಿನ ಜೀವಿ ಹಿಂದೂ ಮಹಾಸಾಗರದ ಹವಳದ ದಿಬ್ಬಗಳ ಆಳವಿಲ್ಲದ ನೀರಿನಲ್ಲಿ ಬದುಕುತ್ತದೆ. ಕೊರಳಿನ ಹವಳದ ಸರದ ಕತೆ ಬೇರೆ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ದಿಬ್ಬ ಕಟ್ಟುವ ಜಾತಿಯದೇ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಇರುವುದರಿಂದ ಹವಳ ಎಂದೊಡನೆ ಅಕ್ಕಸಾಲಿಗರ ಅಂಗಡಿ ನೆನಪಾಗುತ್ತದೆಯೇ ಹೊರತು ಸಮುದ್ರವಲ್ಲ.

ಕ್ರಿ.ಶ. 851ರ ಒಂದು ಅರಬ್ಬಿ ಬರಹವಿದೆ. ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಅದು ಪ್ರಸಿದ್ಧ. ಇತಿಹಾಸದ ವಿದ್ಯಾರ್ಥಿಗಳು ಅದನ್ನು ಓದುವುದು 'ಬಲ್ಹರಾ'ಗಾಗಿ. ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು ಆ ಬರಹ ಎಣಿಸುವ ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟರ ದೊರೆ. ಆ ವರ್ಷ ಪಟ್ಟದಲ್ಲಿದ್ದವನು ನೃಪತುಂಗ, ಅಂದರೆ ಅಮೋಘವರ್ಷ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಡದಲ್ಲಿದೆ. ನಾವು ಆ ಪುಟವನ್ನು ಓದಿ ಹೆಮ್ಮೆಪಟ್ಟು ಪುಸ್ತಕ ಮುಚ್ಚುತ್ತೇವೆ. ಅದೇ ಬರಹದಲ್ಲಿ ದ್ವೀಪಗಳ ವರ್ಣನೆಯೂ ಇದೆ: ಸುಮಾರು 1,900 ದ್ವೀಪಗಳು, ಅವುಗಳನ್ನು ಆಳುವವಳು ಒಬ್ಬ ಹೆಂಗಸು, ಅವಳ ಬೊಕ್ಕಸ ತುಂಬ ಕವಡೆ. ನೀರಿನ ಮೇಲೆ ತೆಂಗಿನ ಗರಿ ಹಾಸಿದರೆ ಕವಡೆಗಳು ಬಂದು ಕಚ್ಚಿಕೊಳ್ಳುತ್ತವಂತೆ. ಇವು ಮಾಲ್ಡೀವ್ಸ್ ಮತ್ತು ಲಕ್ಷದ್ವೀಪದ ಹವಳ ದ್ವೀಪಗಳೆಂದು ವಿದ್ವಾಂಸರು ಗುರುತಿಸುತ್ತಾರೆ. ಮಳಖೇಡದ ದೊರೆಯೂ ಹವಳದ ದ್ವೀಪವೂ ಒಂದೇ ಬರಹದೊಳಗೆ ಸೇರಿರುವುದು ನನಗೆ ಸಣ್ಣ ಸಂಗತಿಯಾಗಿ ಕಂಡಿಲ್ಲ.

ಆದರೆ ಆ ವರ್ಣನೆಯ ಮಿತಿಯನ್ನೂ ನೋಡಬೇಕು. ಬರೆದವನು ದೋಣಿಯ ಮೇಲಿದ್ದಾನೆ. ಗರಿಗೆ ಅಂಟಿ ಮೇಲೆ ಬಂದದ್ದಷ್ಟೇ ಅವನ ಲೆಕ್ಕಕ್ಕೆ ಸಿಗುತ್ತದೆ. ಮುಂದಿನ ಸಾವಿರಕ್ಕೂ ಹೆಚ್ಚು ವರ್ಷ ಹವಳದ ದಿಬ್ಬದ ಬಗ್ಗೆ ಬರೆದವರಲ್ಲಿ ಬಹುತೇಕರ ಸ್ಥಿತಿ ಇದೇ. ಕಳೆದ ಕೆಲವು ದಶಕಗಳಲ್ಲಿ ಸಂಬಳವಿಲ್ಲದೆ, ಸ್ವಂತ ಖರ್ಚಿನಲ್ಲಿ ನೀರಿಗಿಳಿದು ಲೆಕ್ಕ ಬರೆದ ಹವ್ಯಾಸಿ ಮುಳುಗುಗಾರರ ಕೆಲಸದ ಬೆಲೆ ತಿಳಿಯಬೇಕಾದರೆ, ಅವರಿಗಿಂತ ಮೊದಲು ದಫ್ತರಗಳಲ್ಲಿ ಏನು ಇರಲಿಲ್ಲ ಎಂಬುದನ್ನು ಮೊದಲು ನೋಡಬೇಕು.

ಕನ್ನಡ ನಾಡಿನ ಹತ್ತಿರದ ಉದಾಹರಣೆಯೇ ಇದೆ. ಲಕ್ಷದ್ವೀಪದ ಉತ್ತರದ ಗುಂಪಾದ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳಿಗೆ ಅಮಿನ್‌ದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ಬೇಸತ್ತ ಇಲ್ಲಿನ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆ ಹೋದರು, ದ್ವೀಪಗಳು ಮೈಸೂರಿನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷರಿಗೆ ಹೋಗಿ ಮಂಗಳೂರಿನಿಂದ ಆಳಲ್ಪಟ್ಟವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. ಏಕೀಕರಣದ ದಿನ ನಮಗೆ ಬೀದರ, ಕಲಬುರಗಿ ಸೇರಿದವು ಎಂದು ಪಾಠ ಹೇಳುತ್ತೇವೆ. ಅದೇ ದಿನ ಹವಳದ ದ್ವೀಪಗಳ ಗುಂಪೊಂದು ಕನ್ನಡ ಜಿಲ್ಲೆಯೊಂದರಿಂದ ಹೊರಗೆ ಹೋಯಿತು ಎಂಬ ಮಾತು ಆ ಪಾಠದಲ್ಲಿ ಬರುವುದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಮಾತ್ರ ಇಂದಿಗೂ ಮಂಜಿಗಳು ಸರಕು ತುಂಬಿ ಆ ಕಡೆ ಹೋಗುತ್ತಲೇ ಇವೆ.

ಒಂದೂವರೆ ಶತಮಾನ ಮಂಗಳೂರಿನ ಕಚೇರಿ ಆ ದ್ವೀಪಗಳ ಬಗ್ಗೆ ಏನು ಬರೆದಿಟ್ಟಿತು? ತೆಂಗಿನ ನಾರಿನ ಹುರಿ ಬರೆದಿಟ್ಟಿತು. ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ದ್ವೀಪದವರು ಹುರಿ ತಂದು ಒಪ್ಪಿಸಬೇಕು, ಬದಲಿಗೆ ಅಕ್ಕಿ ಒಯ್ಯಬೇಕು. ಜೊತೆಗೆ ಮರಗಳು, ಮನೆಗಳು, ಬಿರುಗಾಳಿಯ ನಷ್ಟ, ತೆಂಗಿಗೆ ಇಲಿಯ ಕಾಟ. ಕಂದಾಯಕ್ಕೆ ಸಂಬಂಧಪಟ್ಟದ್ದೆಲ್ಲ ದಾಖಲೆಯಲ್ಲಿದೆ. ಆ ದ್ವೀಪಗಳ ನೆಲವೇ ಹವಳದ ಪುಡಿ, ಗೋಡೆಯ ಕಲ್ಲು ಹವಳದ್ದು, ಗಾರೆಗೆ ಸುಟ್ಟ ಸುಣ್ಣವೂ ಹವಳದ್ದೇ. ಅಲೆಗಳನ್ನು ತಡೆದು ದ್ವೀಪವನ್ನು ಉಳಿಸುವ ದಿಬ್ಬ ಜೀವಂತವಾಗಿತ್ತೇ, ಎಷ್ಟಿತ್ತು, ಯಾವ ವರ್ಷ ಸೊರಗಿತ್ತು ಎಂಬುದಕ್ಕೆ ಕಂದಾಯವಿರಲಿಲ್ಲ. ಹಾಗಾಗಿ ಅದಕ್ಕೆ ಕಾಲಂ ಕೂಡ ಇರಲಿಲ್ಲ.

ವಿಜ್ಞಾನಿಗಳ ಕತೆ ತುಸು ಮೇಲು, ಅಷ್ಟೇ. ಡಾರ್ವಿನ್ ಹವಳದ ದಿಬ್ಬಗಳ ಬಗ್ಗೆ ತನ್ನ ಸಿದ್ಧಾಂತವನ್ನು ಕಟ್ಟಿದ್ದು ನಿಜವಾದ ಹವಳದ ದಿಬ್ಬವೊಂದನ್ನು ಕಣ್ಣಾರೆ ನೋಡುವ ಮೊದಲೇ, ದಕ್ಷಿಣ ಅಮೆರಿಕದ ಕರಾವಳಿಯಲ್ಲಿದ್ದಾಗ. 1836ರಲ್ಲಿ ಕೀಲಿಂಗ್ ದ್ವೀಪದ ಬಳಿ ಅವನಿದ್ದ ಹಡಗಿನವರು ಸೀಸದ ಗುಂಡಿನ ಅಡಿಗೆ ಕೊಬ್ಬು ಬಳಿದು ನೀರಿಗೆ ಬಿಟ್ಟರು. ಮೇಲೆಳೆದಾಗ ಕೊಬ್ಬಿನ ಮೇಲೆ ಜೀವಂತ ಹವಳದ ಅಚ್ಚು ಮೂಡಿದ್ದರೆ ತಳದಲ್ಲಿ ಹವಳವಿದೆ, ಮರಳು ಅಂಟಿದ್ದರೆ ಇಲ್ಲ. 1842ರಲ್ಲಿ ಪ್ರಕಟವಾದ ಅವನ ಪುಸ್ತಕ ನಿಂತಿರುವುದು ಇಂಥ ಅಚ್ಚುಗಳ ಮೇಲೆ. ಸಿದ್ಧಾಂತ ಸರಿಯಾಗಿತ್ತು ಎಂಬುದೇ ಸೋಜಿಗ. 1899-1900ರಲ್ಲಿ ಸ್ಟ್ಯಾನ್ಲಿ ಗಾರ್ಡಿನರ್ ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ ದೊಡ್ಡ ಸಂಪುಟಗಳನ್ನು ಹೊರತಂದ. ಆಗಲೂ ಆಳದ ನೀರಿನ ಜೀವಿಗಳನ್ನು ತಿಳಿಯುವ ದಾರಿಯೆಂದರೆ ತಳವನ್ನು ಕೆರೆಯುವ ಬಲೆ ಎಳೆದು, ಬಂದದ್ದನ್ನು ವಿಂಗಡಿಸುವುದು. ಕಾಡನ್ನು ಅರಿಯಲು ವಿಮಾನದಿಂದ ಕೊಕ್ಕೆ ಇಳಿಬಿಟ್ಟ ಹಾಗೆ.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗ್ಯಾನ್ಯಾನ್ ಉಸಿರಿನ ಒತ್ತಡಕ್ಕೆ ತಕ್ಕಂತೆ ಗಾಳಿ ಕೊಡುವ ಕವಾಟ ತಯಾರಿಸಿದ ಮೇಲೆ ಮನುಷ್ಯ ಬೆನ್ನಿಗೆ ಸಿಲಿಂಡರ್ ಕಟ್ಟಿ ಮೀನಿನ ಹಾಗೆ ಅಡ್ಡ ಈಜುವಂತಾಯಿತು. ಅದೇ ಕುಸ್ತೊ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದ 1956ರ 'ದಿ ಸೈಲೆಂಟ್ ವರ್ಲ್ಡ್' ಸಾಕ್ಷ್ಯಚಿತ್ರದಲ್ಲಿ ಹವಳದ ದಿಬ್ಬವೊಂದಕ್ಕೆ ಡೈನಮೈಟ್ ಇಡುತ್ತಾನೆ. ಯಾಕೆ? ಅಲ್ಲಿ ಎಷ್ಟು ಬಗೆಯ ಮೀನುಗಳಿವೆ ಎಂದು ಎಣಿಸಲು. ಸತ್ತು ತೇಲಿದವನ್ನು ಹೆಕ್ಕಿ ದಡದಲ್ಲಿ ಸಾಲಾಗಿ ಜೋಡಿಸುತ್ತಾರೆ. ಇವತ್ತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಆ ಕಾಲದ ಪ್ರೇಕ್ಷಕರು ಅದನ್ನು ವಿಜ್ಞಾನವೆಂದೇ ನೋಡಿದರು.

ಡೈನಮೈಟಿನ ಎಣಿಕೆಯಿಂದ ಪೆನ್ಸಿಲಿನ ಎಣಿಕೆಗೆ ಬರಲು 41 ವರ್ಷ ಹಿಡಿಯಿತು. ಆ ನಡುವೆ ಮುಳುಗುವುದು ಸೈನ್ಯದ, ವಿಜ್ಞಾನದ ಕೈಬಿಟ್ಟು ರಜೆಯ ಹವ್ಯಾಸವಾಗಿತ್ತು. ಲಕ್ಷಾಂತರ ಜನ ತರಬೇತಿ ಪಡೆದಿದ್ದರು. ಗ್ರೆಗರ್ ಹಾಡ್ಗ್‌ಸನ್ ಎಂಬ ಸಾಗರ ವಿಜ್ಞಾನಿ 1997ರಲ್ಲಿ ರೀಫ್ ಚೆಕ್ ಎಂಬ ಕಾರ್ಯಕ್ರಮ ಶುರುಮಾಡಿದ. ಅವನ ಲೆಕ್ಕಾಚಾರ ಸರಳ: ಪ್ರಪಂಚದ ಹವಳದ ದಿಬ್ಬಗಳನ್ನೆಲ್ಲ ನೋಡಲು ಸಾಕಷ್ಟು ವಿಜ್ಞಾನಿಗಳಿಲ್ಲ, ಆದರೆ ಮುಳುಗಬಲ್ಲವರು ಬೇಕಾದಷ್ಟಿದ್ದಾರೆ. ಮೊದಲ ವರ್ಷವೇ ನೂರಾರು ಸ್ವಯಂಸೇವಕರು ವಿಜ್ಞಾನಿಗಳ ಜೊತೆ 31 ದೇಶಗಳ 300ಕ್ಕೂ ಹೆಚ್ಚು ದಿಬ್ಬಗಳಲ್ಲಿ ಇಳಿದು ಎಣಿಸಿದರು. ಹಿಂದೆ ಹೇರಳವಾಗಿದ್ದ ಕಡಲ ಸೀಗಡಿ ರಾಜ ಲಾಬ್‌ಸ್ಟರ್ ಬಹುಪಾಲು ತಾಣಗಳಲ್ಲಿ ಒಂದೂ ಕಾಣಲಿಲ್ಲ. ಜನವಸತಿಯಿಂದ ದೂರವಿದ್ದ ದಿಬ್ಬಗಳೂ ಬರಿದಾಗುತ್ತಿವೆ ಎಂಬ ಅನುಮಾನಕ್ಕೆ ಹೀಗೆ ಮೊದಲ ಬಾರಿ ಅಂಕಿಗಳ ಆಧಾರ ದೊರೆಯಿತು.

ಎಣಿಸುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸ್ವಯಂಸೇವೆ ಎಂದೊಡನೆ ಕಣ್ಣಿಗೆ ಕಟ್ಟುವ ಸಾಹಸ ಇದರಲ್ಲಿ ಅಷ್ಟಾಗಿ ಇಲ್ಲ. ನೀರಿನಡಿ ಒಂದೇ ಆಳದಲ್ಲಿ 100 ಮೀಟರ್ ಟೇಪು ಹಾಸುತ್ತಾರೆ. ಹಾಸುವ ಗಡಿಬಿಡಿಗೆ ಓಡಿಹೋದ ಮೀನುಗಳು ವಾಪಸು ಬರಲೆಂದು ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯುತ್ತಾರೆ. ಆಮೇಲೆ ಮೀನು ಎಣಿಸುವ ಜೋಡಿ ಮುಂದೆ ಹೋಗುತ್ತದೆ. ಅವರ ಹಿಂದೆ ಕಡಲ ಮುಳ್ಳುಚೆಂಡು, ಕಪ್ಪೆಚಿಪ್ಪುಗಳನ್ನು ಎಣಿಸುವವರು. ಕೊನೆಯವರ ಕೆಲಸ ಎಲ್ಲಕ್ಕಿಂತ ನೀರಸ: ಟೇಪಿನ ಪ್ರತಿ ಅರ್ಧ ಮೀಟರಿಗೂ ನಿಂತು, ಆ ಬಿಂದುವಿನ ಕೆಳಗೆ ಏನಿದೆ ಎಂದು ಬರೆಯುವುದು. ಗಟ್ಟಿ ಹವಳ, ಮೆದು ಹವಳ, ಈಚೆಗೆ ಸತ್ತ ಹವಳ, ಪಾಚಿ, ಸ್ಪಂಜು, ಬಂಡೆ, ಚೂರು, ಮರಳು, ಕೆಸರು. 20 ಮೀಟರಿನ ಒಂದು ತುಂಡಿಗೆ 40 ಬಿಂದು, ನಾಲ್ಕು ತುಂಡಿಗೆ 160. ಬರೆಯುವುದು ಪ್ಲಾಸ್ಟಿಕ್ ಹಲಗೆಯ ಮೇಲೆ, ಸೀಸದ ಕಡ್ಡಿಯಿಂದ. ಅದಕ್ಕೆ ಸ್ಲೇಟು ಎಂದೇ ಹೆಸರು, ಅಂದರೆ ನಮ್ಮ ಪಾಟಿ. ಬರೆಯುತ್ತಿರುವಾಗಲೇ ಸೆಳೆತಕ್ಕೆ ಮೈ ಒಡ್ಡಬೇಕು, ಗಾಳಿಯ ಮುಳ್ಳು ನೋಡಬೇಕು, ಕಾಲಿನ ಈಜುರೆಕ್ಕೆ ಹವಳಕ್ಕೆ ತಾಗದಂತೆ ಎಚ್ಚರವಿರಬೇಕು. ಕಾಲು ತಾಗಿ ಮುರಿದ ದುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವಂಥದ್ದು. ಎಣಿಸಲು ಹೋದವರು ಮುರಿದು ಬಂದರೆ ಕುಸ್ತೊಗೂ ಅವರಿಗೂ ವ್ಯತ್ಯಾಸ ಪ್ರಮಾಣದ್ದು ಮಾತ್ರ.

ಮರುವರ್ಷವೇ, 1998ರಲ್ಲಿ, ಎಲ್ ನಿನೊ ಬಿಸಿಗೆ ಪ್ರಪಂಚದಾದ್ಯಂತ ಹವಳ ಬಿಳಿಚಿತು. ಹವಳದ ಜೀವಕೋಶದೊಳಗೆ ಪಾಚಿಯಂಥ ಸೂಕ್ಷ್ಮಜೀವಿಗಳಿರುತ್ತವೆ. ಅವೇ ಅದಕ್ಕೆ ಬಣ್ಣ, ಅವೇ ಬಹುಪಾಲು ಊಟ. ನೀರು ಬೇಸಿಗೆಯ ಸಾಮಾನ್ಯ ಗರಿಷ್ಠ ಶಾಖಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ಅವನ್ನು ಹೊರಹಾಕುತ್ತದೆ. ಬಿಳಿಚಿದ ಹವಳ ಸತ್ತಿಲ್ಲ, ಹಸಿದಿದೆ. ಬಿಸಿ ಬೇಗ ಇಳಿದರೆ ಬದುಕಬಹುದು. ಹಿಂದಿನ ವರ್ಷ ಪಾಟಿಯ ಮೇಲೆ ಬರೆದಿಟ್ಟಿದ್ದವರ ಕೈಯಲ್ಲಿ 1998ರಲ್ಲಿ ಹೋಲಿಕೆಗೆ ಒಂದು ಅಂಕಿ ಇತ್ತು. ಉಳಿದೆಡೆ 'ಹಿಂದೆ ಚೆನ್ನಾಗಿತ್ತು' ಎಂಬ ನೆನಪಷ್ಟೇ ಇತ್ತು. ನೆನಪು ನಂಬಿಕೆಗೆ ಅರ್ಹವಲ್ಲ ಎನ್ನುತ್ತಿಲ್ಲ, ಮೌಖಿಕ ಇತಿಹಾಸದ ಮೇಲೆ ನನಗೆ ಗೌರವವಿದೆ. ಆದರೆ ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಸಮೃದ್ಧಿಯ ಅಳತೆ ಎಂದುಕೊಳ್ಳುತ್ತದೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲೇ ಎಚ್ಚರಿಸಿದ್ದ. ಅಜ್ಜ ಕಂಡ ಕೆರೆ ಮೊಮ್ಮಗನಿಗೆ ಗೊತ್ತಿಲ್ಲದ ಮೇಲೆ ಹೂಳು ತುಂಬಿದ ಕೆರೆಯೇ ಅವನಿಗೆ ಕೆರೆ.

ಲಕ್ಷದ್ವೀಪದಲ್ಲಿ ಈ ಕೆಲಸ ಹಿಡಿದವರು ಹವ್ಯಾಸಿಗಳಲ್ಲ, ಮೈಸೂರಿನಲ್ಲಿ ನೆಲೆ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ಸಂಶೋಧಕರು. ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಮತ್ತೆ ಮತ್ತೆ ಅದೇ ದಿಬ್ಬಗಳಿಗೆ ಇಳಿದರು. 2010, 2016ರ ಬಿಸಿಯನ್ನೂ ದಾಖಲಿಸಿದರು. ಅಗತ್ತಿ, ಕದಮತ್, ಕವರತ್ತಿಗಳ 24 ವರ್ಷಗಳ ಲೆಕ್ಕ ಈಚೆಗೆ ಪ್ರಕಟವಾಗಿದೆ. 1998ರಲ್ಲಿ ತಳದ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳ 2022ಕ್ಕೆ ಶೇ. 20ಕ್ಕಿಂತ ಕೆಳಗಿಳಿದಿದೆ. ಕದಮತ್ ಹಳೆಯ ಅಮಿನ್‌ದಿವಿಯದೇ ದ್ವೀಪ. ಮಂಗಳೂರಿನ ಕಚೇರಿ ಒಂದೂವರೆ ಶತಮಾನದಲ್ಲಿ ಬರೆಯದ ಸಾಲನ್ನು ಕೆಲವೇ ಮುಳುಗುಗಾರರು 24 ವರ್ಷಗಳಲ್ಲಿ ಬರೆದರು. ಇದಕ್ಕಿಂತ ಹಿಂದಿನ ಅಂಕಿ ಇಂಥ ಕ್ರಮದಲ್ಲಿ ಸಿಗುವುದಿಲ್ಲವಾದ್ದರಿಂದ, ಶೇ. 37 ಎಂಬುದು ಸಮೃದ್ಧಿಯೋ ಆಗಲೇ ಶುರುವಾಗಿದ್ದ ಇಳಿಕೆಯ ನಡುವಿನ ಒಂದು ಮೆಟ್ಟಿಲೋ ಎಂದು ಕೇಳುವ ಹಕ್ಕು ಓದುಗರಿಗಿದೆ.

ಹವ್ಯಾಸಿಗಳ ಪಾಟಿಯನ್ನು ಹಾಗೇ ನಂಬಬಹುದೇ? ಶಾಸನ ಓದುವವರು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು. ಶಾಸನದಲ್ಲಿ ದಾನ ಕೊಟ್ಟವರ ಹೆಸರಿರುತ್ತದೆ, ಭೂಮಿ ಕಳೆದುಕೊಂಡವರ ಹೆಸರು ಅಪರೂಪ. ಹವ್ಯಾಸಿ ಮುಳುಗುಗಾರರು ತಿಳಿನೀರು ಇರುವ ಕಡೆ, ಬಣ್ಣ ಹೆಚ್ಚಿರುವ ಕಡೆ, ವಿಮಾನ ಹೋಗುವ ಕಡೆ ಹೋಗುತ್ತಾರೆ. ಕದಡಿದ ನೀರಿನ ಬಡ ದಿಬ್ಬಗಳಿಗೆ ಬರೆಯುವವರಿಲ್ಲ. ಮೀನಿನ ಜಾತಿ ಗುರುತಿಸುವಲ್ಲಿ ಹೊಸಬರು ತಪ್ಪುತ್ತಾರೆ. ಅದಕ್ಕೇ ಅವರ ಪಟ್ಟಿಯಲ್ಲಿ ಸುಲಭಕ್ಕೆ ಗುರುತಾಗುವ ಕೆಲವೇ ಜೀವಿಗಳಿರುತ್ತವೆ. ಇದೆಲ್ಲ ನಿಜ. ಆಧಾರದ ಓರೆಕೋರೆ ಗೊತ್ತಿದ್ದರೆ ಅದನ್ನು ಬಳಸಬಹುದು, ಆಧಾರವೇ ಇಲ್ಲದಿದ್ದರೆ ಮಾಡುವುದೇನೂ ಇರುವುದಿಲ್ಲ. ಇನ್ನೊಂದು ಮಾತು ಹಣದ್ದು. ಸ್ವಯಂಸೇವೆಯ ಹೆಸರಿನಲ್ಲಿ ನಡೆಯುವ ಎಷ್ಟೋ ಶಿಬಿರಗಳಿಗೆ ಸ್ವಯಂಸೇವಕರೇ ದುಬಾರಿ ಶುಲ್ಕ ಕಟ್ಟಬೇಕು. ದಿಬ್ಬದ ಮೇಲೆ ಬದುಕು ಇರುವ ಮೀನುಗಾರರ ಮಕ್ಕಳು ಅಲ್ಲಿ ದೋಣಿ ನಡೆಸುವವರಾಗಿ ಸಿಗುತ್ತಾರೆ, ಪಾಟಿ ಹಿಡಿದವರಾಗಿ ಅಪರೂಪ.

ಹವಳ ನೆಡುವ ಕೆಲಸಕ್ಕೆ ಎಣಿಸುವುದಕ್ಕಿಂತ ಹೆಚ್ಚು ಪ್ರಚಾರವಿದೆ. ಮುರಿದ ತುಂಡುಗಳನ್ನು ಚೌಕಟ್ಟಿಗೆ ಕಟ್ಟಿ ಬೆಳೆಸಿ ದಿಬ್ಬಕ್ಕೆ ಅಂಟಿಸುವುದು ಅದರ ಕ್ರಮ. ಅಂಡಮಾನಿನ ಚಿಡಿಯಾ ಟಾಪುವಿನಲ್ಲಿ ರೀಫ್‌ವಾಚ್ ಸಂಸ್ಥೆ ಇಂಥ ಪ್ರಯತ್ನ ನಡೆಸಿದೆ. ಫ್ಲೋರಿಡಾದಲ್ಲಿ ಹವ್ಯಾಸಿ ಮುಳುಗುಗಾರರ ನೆರವಿನಿಂದ ಸಾವಿರಾರು ಗಿಡಗಳಂತೆ ಹವಳ ಬೆಳೆಸಿದರು. 2023ರ ಬೇಸಿಗೆಯಲ್ಲಿ ಅಲ್ಲಿನ ನೀರು ಎಷ್ಟು ಕಾದಿತೆಂದರೆ ಅದೇ ಜನ ತಾವು ಬೆಳೆಸಿದ್ದನ್ನು ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ನೆಡುವವರನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ನೆಟ್ಟದ್ದು ಉಳಿಯಿತೇ ಎಂದು ಹೇಳಲೂ ಕೊನೆಗೆ ಎಣಿಸುವವರೇ ಬೇಕು.

ನಮ್ಮ ಸೀಮೆಗೆ ಇದರಲ್ಲಿ ಪಾಲಿಲ್ಲವೆಂದೇನಲ್ಲ. ಶಹಾಬಾದಿನ ಫರ್ಸಿ ಕಲ್ಲು, ವಾಡಿ ಮತ್ತು ಸೇಡಂನ ಸಿಮೆಂಟಿನ ಸುಣ್ಣಗಲ್ಲು ಹಳೆಯ ಕಡಲ ತಳದಲ್ಲಿ ಪದರಪದರವಾಗಿ ಕೂತದ್ದು. ಅದರಲ್ಲಿ ಹವಳ ಹುಡುಕಿದರೆ ಸಿಗದು, ಭೂಮಿಯ ಮೇಲೆ ಹವಳ ಹುಟ್ಟುವ ಮೊದಲಿನ ಕಲ್ಲು ಅದು. ಇಂಥ ಕಲ್ಲು ಹತ್ತಿರವಿಲ್ಲದ ಕಡೆ ಏನಾಯಿತು ನೋಡಿ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ದಶಕಗಟ್ಟಲೆ ಸುಣ್ಣಕ್ಕೆ, ಕಾರ್ಖಾನೆಗೆ, ಕಟ್ಟಡಕ್ಕೆ ಹವಳವನ್ನೇ ಕಿತ್ತರು. ಅಲ್ಲಿನ 21 ದ್ವೀಪಗಳಲ್ಲಿ ಎರಡು, ವಿಲಂಗುಚಳ್ಳಿ ಮತ್ತು ಪೂವರಸನ್‌ಪಟ್ಟಿ, ಮುಳುಗಿಹೋದವು. ಗಟ್ಟಿ ಹವಳಗಳಿಗೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಸಿಕ್ಕಿದ್ದು 2001ರಲ್ಲಿ.

ಕರ್ನಾಟಕದಲ್ಲಿ ಮುಳುಗಿ ಹವಳ ನೋಡಬೇಕೆನ್ನುವವರು ಹೋಗುವುದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ. ಅದು ಹವಳದಿಂದಾದ ದ್ವೀಪವಲ್ಲ, ಬಂಡೆಯ ದ್ವೀಪ. ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ಹಬ್ಬಿದೆ. ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಹೆಸರಾದ ಎ.ಓ. ಹ್ಯೂಮ್ 1875ರಲ್ಲಿ ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪ ಸುತ್ತಿದಾಗ ಬ್ರಿಟಿಷರು ಪಿಜನ್ ಐಲ್ಯಾಂಡ್ ಎನ್ನುತ್ತಿದ್ದ ಈ ದ್ವೀಪದ ಹಕ್ಕಿಗಳ ಬಗ್ಗೆಯೂ ಬರೆದ. ನೀರಿನ ಮೇಲಿನದು ಹೀಗೆ 19ನೇ ಶತಮಾನದಲ್ಲೇ ದಾಖಲಾಯಿತು. ನೀರಿನ ಅಡಿಯದು? ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇಲ್ಲಿನ ಸುಮಾರು 90 ಜಾತಿಯ ಹವಳಮೀನುಗಳ ಪಟ್ಟಿ ಪ್ರಕಟಿಸಿದ್ದು 2008ರಲ್ಲಿ. ಅದಕ್ಕೂ ಮೊದಲಿನಿಂದ ನೌಕಾಪಡೆ ಗುರಿ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸುತ್ತಿತ್ತು. ಆ ಗುಂಡುಗಳಿಂದ ನೀರಿನಡಿ ಆದದ್ದನ್ನು ಅಳೆಯಲು ಹಿಂದಿನ ಪಟ್ಟಿ ಬೇಕಿತ್ತು.

2022ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನಾಡೆಲ್ಲ ಕಣ್ಣು ತುಂಬಿ ನೋಡಿತು. (ಚಿತ್ರದ ನಿರ್ದೇಶಕರ ಹೆಸರೂ ಅಮೋಘವರ್ಷ. ಬಲ್ಹರಾನ ಕಾಲದಿಂದ ಹವಳದ ಪುಟದಲ್ಲಿ ಈ ಹೆಸರು ಬಿಡುತ್ತಿಲ್ಲ ಎನ್ನೋಣ.) ಅದುವರೆಗೆ ಪತ್ರಿಕೆಗಳಲ್ಲಿ 'ಮುಳುಗು ತಜ್ಞ' ಎಂಬ ಪದ ಬರುತ್ತಿದ್ದದ್ದು ಹೊಳೆಯಲ್ಲಿ ಶವ ಹುಡುಕುವ ಸುದ್ದಿಯಲ್ಲಿ. ಈಗ ಬೆಂಗಳೂರು, ಹುಬ್ಬಳ್ಳಿಯ ಹುಡುಗ ಹುಡುಗಿಯರು ಮುಳುಗಿ ಎದ್ದು ಫೋಟೊ ಹಾಕುತ್ತಾರೆ. ಈ ಗಿರಾಕಿಗಳಲ್ಲಿ ಕೆಲವರಾದರೂ ಪಾಟಿ ಹಿಡಿದರೆ ಏನಾದೀತು ಎಂದು ನಾನು ಯೋಚಿಸುತ್ತೇನೆ. ದೊಡ್ಡ ಉಪಕರಣವೇನೂ ಬೇಡ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ 2002ರಲ್ಲಿ ಒಂದು ಬಣ್ಣದ ಕಾರ್ಡು ಮಾಡಿತು: ನಾಲ್ಕು ಬಣ್ಣ, ಒಂದೊಂದಕ್ಕೂ ಆರು ಛಾಯೆ. ಹವಳದ ಪಕ್ಕ ಹಿಡಿದು ಅತಿ ತಿಳಿಯ ಛಾಯೆ ಯಾವುದು, ಅತಿ ಗಾಢ ಯಾವುದು ಎಂದು ಎರಡು ಅಂಕಿ ಬರೆದರೆ ಆಯಿತು. ಮುಟ್ಟಬೇಕಿಲ್ಲ, ಜಾತಿ ಗೊತ್ತಿರಬೇಕಿಲ್ಲ.

2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ಘೋಷಣೆಯಾಯಿತು. ಆ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳವೂ ಬಿಳಿಚಿತು. ನಮ್ಮ ಕರಾವಳಿಯ ನೀರು ಅತಿ ಹೆಚ್ಚು ಕಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಳಿಚಿದ ಹವಳ ಬದುಕುವುದೋ ಸಾಯುವುದೋ ತೀರ್ಮಾನವಾಗುವುದು ಅದರ ಮುಂದಿನ ವಾರಗಳಲ್ಲಿ. ಅಷ್ಟರಲ್ಲಿ ಮಳೆಗಾಲ ಬಂದು ಕಡಲು ಮುಚ್ಚಿರುತ್ತದೆ, ಮುರುಡೇಶ್ವರದ ದೋಣಿಗಳು ದಡದಲ್ಲಿರುತ್ತವೆ. ಸೆಪ್ಟೆಂಬರ್ ಕಳೆದು ಮೊದಲ ದೋಣಿಯಲ್ಲಿ ಹೋಗಿ ಇಳಿದವರಿಗೆ ಪಾಚಿ ಹಿಡಿದ ಬಂಡೆಯೋ ಬಣ್ಣದ ಹವಳವೋ ಕಾಣುತ್ತದೆ. ಮೇ ತಿಂಗಳ ಕೊನೆಯ ದೋಣಿಯಲ್ಲಿ ಹೋದವರು ಅದೇ ಬಂಡೆಯ ಎರಡು ಅಂಕಿ ಬರೆದಿಟ್ಟಿದ್ದರೆ, ಆ ನಾಲ್ಕು ತಿಂಗಳಲ್ಲಿ ಅಲ್ಲಿ ಏನಾಯಿತು ಎಂದು ಹೇಳಲು ಬರುತ್ತದೆ.